ಕಳೆಯೆಂದು ಕಡಿದ ಹಳದಿ ಹೂ: ಒಂದು ಬಾಣೆಯ ಪ್ರಕರಣ

ಊರು, ಬೆಟ್ಟ, ಮನೆತನ ಯಾವುದನ್ನೂ ಇಲ್ಲಿ ಹೆಸರಿಸಿಲ್ಲ. ಒಂದು ಕಾರಣ ಆ ಮನೆಯವರ ಮರ್ಯಾದೆ, ಇನ್ನೊಂದು ಮುಂದೆ ಬರುತ್ತದೆ. ಮಡಿಕೇರಿ ತಾಲೂಕಿನ ಒಂದು ಕಾಫಿ ತೋಟ ಎಂದಷ್ಟೇ ಇಟ್ಟುಕೊಳ್ಳಿ.

ಜಾಗ, ಜನ

ತೋಟದ ನೆತ್ತಿಯಲ್ಲಿ ಸುಮಾರು ಎಂಟು ಎಕರೆ ಬಾಣೆ ಇದೆ. ಕೊಡಗಿನ ಹೊರಗಿನವರಿಗೆ ಒಂದು ಮಾತು: ಬಾಣೆ ಎಂದರೆ ಗದ್ದೆಯ ಜೊತೆಗೇ ಬಂದ ಗುಡ್ಡದ ಜಾಗ. ದನ ಮೇಯಿಸಲು, ಗದ್ದೆಗೆ ಸೊಪ್ಪು ತರಲು, ಸೌದೆಗೆ ಎಂದು ಹಿಂದಿನವರು ಬಿಟ್ಟುಕೊಂಡದ್ದು. ಇಂಥ ಬಾಣೆಗಳಲ್ಲಿ ಬಹಳಷ್ಟು ಈಗ ಕಾಫಿಯ ಅಡಿಯಲ್ಲಿವೆ. ಈ ಎಂಟು ಎಕರೆ ಉಳಿದದ್ದಕ್ಕೆ ಯಾರ ದೂರದೃಷ್ಟಿಯೂ ಕಾರಣವಲ್ಲ. ಸಾವಿರದ ನಾನೂರು ಮೀಟರ್ ಎತ್ತರದಲ್ಲಿ, ಆ ಗಾಳಿಗೆ, ಅಲ್ಲಿ ಕಾಫಿ ನಿಲ್ಲುವುದಿಲ್ಲ, ಅಷ್ಟೇ. ಮೇಲೆ ಹುಲ್ಲು, ಕಣಿವೆಯ ಮಡಿಲಲ್ಲಿ ಒಂದು ತುಂಡು ಶೋಲಾ (ಎತ್ತರದ ಕಣಿವೆಗಳ ಗಿಡ್ಡ ಹಸಿರು ಕಾಡು), ಎರಡರ ನಡುವಿನ ಅಂಚಿನಲ್ಲಿ ಎದೆಯೆತ್ತರದ ಪೊದೆಗಳು.

ತೋಟದ ಯಜಮಾನರು ಐವತ್ತು ದಾಟಿದವರು. 2018ರ ಆಗಸ್ಟ್ ಮಳೆಯಲ್ಲಿ ಅವರ ತೋಟದ ಒಂದು ಬದಿ ಜರಿದು, ಸುಮಾರು ಒಂದು ಎಕರೆ ಕಾಫಿ ಮಣ್ಣಿನ ಜೊತೆ ತೋಡಿಗೆ ಹೋಗಿತ್ತು. ಮಗ ಬೆಂಗಳೂರಿನ ಕೆಲಸ ಬಿಟ್ಟು ಬಂದು ಹೋಂಸ್ಟೇ ಶುರುಮಾಡಿದ್ದ. ಮೇಸ್ತ್ರಿ ಆ ತೋಟದಲ್ಲೇ ಮೂವತ್ತು ವರ್ಷ ಕಳೆದವರು. ತೋಟದ ರೈಟರ್, ಎಂದರೆ ಲೆಕ್ಕ ಬರೆಯುವವನು, ನನ್ನ ಹಳೆಯ ವಿದ್ಯಾರ್ಥಿ. ನಾನು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವನು. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ‘ತಜ್ಞ’ ಎಂದು ಹೆಸರು ಬರೆಸಿಕೊಂಡವನು. ಮೂರನೇ ಸಲ ಕರೆದಾಗ ಬೇಡವೆನ್ನಲು ಸಂಕೋಚವಾಗಿ ಒಪ್ಪಿದ್ದೆ.

ಒಂದು ಆದೇಶ, ಒಂದು ವಾಟ್ಸಾಪ್ ಉತ್ತರ

2019ರ ಅಕ್ಟೋಬರ್. ಕಳೆಗಿಡಗಳ ಬಗ್ಗೆ ಬೆಳೆಗಾರರಿಗೆ ಎಲ್ಲೋ ಒಂದು ತರಬೇತಿ ನಡೆಯಿತು. ಯಜಮಾನರು ಹೋಗಿದ್ದರು. ಅಲ್ಲಿ ಕಾಡು ಸೂರ್ಯಕಾಂತಿಯ ಚಿತ್ರ ತೋರಿಸಿದರಂತೆ. ಟಿಥೋನಿಯಾ ಎಂಬುದು ಅದರ ಇನ್ನೊಂದು ಹೆಸರು; ನಮ್ಮ ಜಿಲ್ಲೆಯ ರಸ್ತೆ ಬದಿಗಳಲ್ಲಿ ಮಳೆಗಾಲ ಮುಗಿಯುತ್ತಲೇ ಹಳದಿ ಹೊದ್ದು ನಿಲ್ಲುವ ಮೆಕ್ಸಿಕೊ ಕಡೆಯ ಗಿಡ. ಮನೆಗೆ ಬಂದು ಅವರು ಮೇಸ್ತ್ರಿಗೆ ಹೇಳಿದ್ದು ಒಂದೇ ವಾಕ್ಯ: “ಹಳದಿ ಹೂ ಬಿಡೋ ಪೊದೆ ಎಲ್ಲಿದ್ರೂ ತೆಗೀರಿ.”

ಮೂರು ದಿನ ಕೆಲಸದವರು ರಸ್ತೆ ಬದಿ ಕಡಿದರು. ಆ ಕೆಲಸ ಸರಿಯಾಗಿಯೇ ಇತ್ತು. ನಾಲ್ಕನೇ ದಿನ ಮೇಲಿನ ಬಾಣೆಗೆ ಹತ್ತಿದರು. ಸಂಜೆ ಲೈನ್‌ಮನೆಯ (ತೋಟದ ಕೆಲಸದವರ ಸಾಲುಮನೆಯ) ಒಬ್ಬ ಅಕ್ಕ ಒಂದು ಗೆಲ್ಲು ಹಿಡಿದುಕೊಂಡು ಬಂದು, “ಇದು ಕೆಳಗಿನದ್ದಲ್ಲ ಸಾರ್, ಎಲೆ ಬೇರೆ,” ಎಂದು ರೈಟರ್ ಮೇಜಿನ ಮೇಲಿಟ್ಟರು. ರೈಟರ್ ಫೋಟೋ ತೆಗೆದು ನನಗೆ ಕಳಿಸಿದ.

ಈ ಪ್ರಕರಣದ ಮೊದಲ ತಪ್ಪು ಯಜಮಾನರದ್ದು ಎಂದರೆ ಎರಡನೆಯದು ನನ್ನದು. ಉತ್ತರಪತ್ರಿಕೆ ತಿದ್ದುತ್ತಿದ್ದವನು ಫೋನನ್ನು ಒಮ್ಮೆ ನೋಡಿದೆ. ಬ್ರಿಟಿಷ್ ದೊರೆಗಳ ಹಳೆಯ ಬಂಗಲೆಗಳ ಅಂಗಳದಲ್ಲಿ ಅಂಥದ್ದೇ ಹೂ ನೋಡಿದ ನೆನಪು. “ಹೈಪರಿಕಮ್. ದೊರೆಗಳ ಕಾಲದ ಅಲಂಕಾರದ ಗಿಡ ಇರಬೇಕು,” ಎಂದು ಬರೆದು ಕಳಿಸಿದೆ. ಹೈಪರಿಕಮ್ ಎಂಬ ಕುಲ, ಎಂದರೆ ಹತ್ತಿರದ ಸಂಬಂಧಿ ಗಿಡಗಳ ಗುಂಪು, ಸರಿ; ಉಳಿದದ್ದೆಲ್ಲ ಊಹೆ. ಆ ಊಹೆಯ ಬೆಲೆ ಇನ್ನೂ ಎರಡು ದಿನದ ಕಡಿತ.

ರೈಟರ್ ಮತ್ತೆ ಫೋನ್ ಮಾಡಿದ್ದು ಅಕ್ಕನ ಇನ್ನೊಂದು ಮಾತು ಹೇಳಲು: “ಅಲ್ಲಿ ಮೇಲೆ ಯಾವ ಕಾಲದಲ್ಲೂ ಬಂಗಲೆ ಇರ್ಲಿಲ್ಲವಲ್ಲ?” ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ಹೊಳೆಯದ ಪ್ರಶ್ನೆ ಅದು. ಮರುದಿನ ಭಾನುವಾರ. ಹೊರಟೆ.

ಎಲೆ ಹಿಡಿದು ನೋಡಿದ್ದು

ಬಾಣೆಗೆ ಹತ್ತುವ ಹಾದಿಯಲ್ಲಿ ಕಡಿದು ಹಾಕಿದ ಪೊದೆಗಳು ಬಾಡಿ ಬಿದ್ದಿದ್ದವು. ಕಾಡಿನ ಅಂಚಿನಲ್ಲಿ ಇನ್ನೂ ನಿಂತಿದ್ದ ಒಂದರ ಪಕ್ಕ, ಬಂಡೆಯ ಮೇಲೆ ಕೂತೆ.

ಟಿಥೋನಿಯಾ ಅಲ್ಲ ಎನ್ನಲು ಒಂದು ಕ್ಷಣ ಸಾಕು. ಅದರ ‘ಹೂ’ ನಿಜಕ್ಕೆ ಸೂರ್ಯಕಾಂತಿಯಂತೆ ನೂರಾರು ಸಣ್ಣ ಹೂಗಳ ತಟ್ಟೆ. ಎಲೆ ಸೀಳು ಸೀಳು. ಇಲ್ಲಿ ಇದ್ದದ್ದು ಐದೇ ಐದು ಎಸಳಿನ ಒಂಟಿ ಹೂ, ಸುಮಾರು ಎರಡು ಅಂಗುಲ ಅಗಲ. ಎಸಳುಗಳು ಮಕ್ಕಳ ಗಿರಿಗಿಟ್ಟಲೆಯಂತೆ ಒಂದೇ ಕಡೆಗೆ ತಿರುಚಿಕೊಂಡಿದ್ದವು. ನಡುವೆ ಕೇಸರಗಳ ಪೊದೆ. ಉಗುರಿನಿಂದ ಮೆಲ್ಲಗೆ ಬಿಡಿಸಿದರೆ ಅವು ಐದು ಕಂತೆಗಳಾಗಿ ಬೇರೆಯಾದವು. ಮಧ್ಯದಲ್ಲಿ ಐದು ಶಲಾಕೆಗಳು (ಅಂಡಾಶಯದ ತುದಿಯಿಂದ ಏಳುವ ಎಳೆಗಳು), ಒಂದಕ್ಕೊಂದು ಅಂಟದೆ, ಅಂಡಾಶಯಕ್ಕಿಂತ ಉದ್ದವಾಗಿ. ಎಲೆಗಳು ಎದುರುಬದುರು ಜೋಡಿ, ತೊಟ್ಟೇ ಇಲ್ಲ, ನೇರವಾಗಿ ಕಾಂಡಕ್ಕೆ ಕೂತಿದ್ದವು. ಎಳೆಯ ಕಾಂಡವನ್ನು ಬೆರಳ ನಡುವೆ ಉರುಳಿಸಿದರೆ ನಾಲ್ಕು ಏಣು ಸಿಗುತ್ತಿತ್ತು.

ಆಮೇಲೆ ಒಂದು ಎಲೆ ಕಿತ್ತು ಆಕಾಶಕ್ಕೆ ಹಿಡಿದೆ. ಬೆಳಕು ತೂರುವ ಸಣ್ಣ ಸಣ್ಣ ಚುಕ್ಕಿಗಳು, ಸೂಜಿಯಿಂದ ಚುಚ್ಚಿದ ಹಾಗೆ. ತೂತಲ್ಲ, ಎಣ್ಣೆಯ ಗ್ರಂಥಿಗಳು. ಯುರೋಪಿನಲ್ಲಿ ಮದ್ದಿಗೆ ಬಳಸುವ ಹೈಪರಿಕಮ್ ಪರ್ಫೊರೇಟಂ ಎಂಬ ಸಂಬಂಧಿಯಲ್ಲಿ ಇವುಗಳ ಜೊತೆ ಕಪ್ಪು ಚುಕ್ಕಿಗಳೂ ಇರುತ್ತವೆ. ಇಲ್ಲಿ ಒಂದೂ ಇರಲಿಲ್ಲ. ಇದನ್ನು ವಿಶೇಷವಾಗಿ ಬರೆಯಲು ಕಾರಣವಿದೆ. ‘ಹೈಪರಿಕಮ್ ಅಂದ್ರೆ ಮನಸ್ಸಿನ ಕಾಯಿಲೆಗೆ ಮದ್ದು’ ಎಂದು ಇಂಟರ್ನೆಟ್ಟಿನಲ್ಲಿ ಓದಿ ಎಲೆ ಕೀಳಲು ಬಂದವರೂ ಆಮೇಲೆ ಇದ್ದರು. ಕುಲ ಒಂದಾದ ಮಾತ್ರಕ್ಕೆ ಮದ್ದು ಒಂದಾಗುವುದಿಲ್ಲ.

ದಕ್ಷಿಣದ ಎತ್ತರದ ಬೆಟ್ಟಗಳಲ್ಲಿ ಇದಕ್ಕೆ ಹತ್ತಿರದ ಇನ್ನೊಂದು ಪೊದೆ ಹೈಪರಿಕಮ್ ಹೂಕೇರಿಯಾನಂ. ಅದರ ಎಲೆಗೆ ಚಿಕ್ಕ ತೊಟ್ಟಿದೆ, ಹೂ ಗೊಂಚಲಲ್ಲಿ ಬರುತ್ತದೆ, ಶಲಾಕೆ ಗಿಡ್ಡ. ನನ್ನ ಕೈಯಲ್ಲಿದ್ದದ್ದು ಹೈಪರಿಕಮ್ ಮೈಸೂರೆನ್ಸ್. ಹೆಸರಲ್ಲೇ ಮೈಸೂರು, ಪಶ್ಚಿಮ ಘಟ್ಟದ ಎತ್ತರಗಳಿಗೂ ಶ್ರೀಲಂಕಾಕ್ಕೂ ಸೇರಿದ, ಇಲ್ಲಿಯದೇ ಗಿಡ. ಒಂದು ಗೆಲ್ಲನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿಟ್ಟು, ಸಸ್ಯ ವರ್ಗೀಕರಣದಲ್ಲಿ ನನಗಿಂತ ಪಳಗಿದ ಒಬ್ಬ ಸ್ನೇಹಿತರಿಗೆ ಕಳಿಸಿದೆ. ಅವರು ಸಸ್ಯಾಗಾರದ ಮಾದರಿಗಳ ಜೊತೆ ಹೋಲಿಸಿ ಅದೇ ಎಂದರು. ವಾಟ್ಸಾಪ್ ಉತ್ತರಕ್ಕೆ ಒಂದು ನಿಮಿಷ ಹಿಡಿದಿತ್ತು. ಇದಕ್ಕೆ ಹನ್ನೆರಡು ದಿನ ಹಿಡಿಯಿತು.

ಆ ಭಾನುವಾರ ಸಂಜೆ ಎಣಿಸಿದೆವು. ನಿಂತ ಪೊದೆ 41, ಕಡಿದ ಬುಡ 63. ಮೇಸ್ತ್ರಿ ತಲೆ ಕೆರೆದುಕೊಂಡು, “ನಾಳೆ ಬುಡಕ್ಕೆ ಮದ್ದು ಹೊಡೀಬೇಕು ಅಂತಿದ್ವಿ,” ಎಂದರು. ಮದ್ದು ಎಂದರೆ ಕಳೆನಾಶಕ. ಕತ್ತಿಯ ಏಟು ತಿಂದ ಬುಡ ಚಿಗುರುತ್ತದೆ, ಕಳೆನಾಶಕ ಬೇರಿಗೆ ಇಳಿದರೆ ಕಥೆ ಮುಗಿಯಿತು. ಮುಂದಿನ ಮಳೆಗಾಲದಲ್ಲಿ ಆ 63ರಲ್ಲಿ 50ಕ್ಕೂ ಹೆಚ್ಚು ಬುಡಗಳು ಚಿಗುರಿದವು. ನಾವು ಆಮೇಲೆ ಮಾಡಿದ ಎಲ್ಲ ಕೆಲಸಕ್ಕಿಂತ ದೊಡ್ಡ ಉಪಕಾರ, ಆ ಸೋಮವಾರ ಪಂಪು ಮೇಲೆ ಹತ್ತದೇ ಹೋದದ್ದು.

ಯಜಮಾನರ ಜೊತೆಗಿನ ಮಾತು

ಇಲ್ಲಿ ಒಂದು ಸುಳ್ಳು ಹೇಳುವ ಆಸೆ ನನಗಾಯಿತು. ‘ಇದು ಅಳಿವಿನಂಚಿನ ಗಿಡ, ಮುಟ್ಟಿದರೆ ಕೇಸು’ ಎಂದಿದ್ದರೆ ಅಂದೇ ಕೆಲಸ ನಿಲ್ಲುತ್ತಿತ್ತು. ಹೇಳಲಿಲ್ಲ. ಘಟ್ಟದ ಬೇರೆ ಎತ್ತರಗಳಲ್ಲೂ ಈ ಗಿಡ ಇದೆ. ಸಿಕ್ಕಿಬಿದ್ದರೆ ಮುಂದೆ ನಿಜವಾಗಿ ಅಪರೂಪದ್ದನ್ನು ತೋರಿಸಿದಾಗಲೂ ಯಾರೂ ನಂಬುವುದಿಲ್ಲ. ಅದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿದೆ: ಗಿಡ ಅಪರೂಪದ್ದಲ್ಲ, ಅದು ನಿಲ್ಲುವ ಜಾಗ ಅಪರೂಪವಾಗುತ್ತಿದೆ. ಹುಲ್ಲು ಮುಗಿದು ಕಾಡು ಶುರುವಾಗುವ ಆ ಅಂಚು ಅದಕ್ಕೆ ಬೇಕು. ನಿಮ್ಮ ಊರಿನಲ್ಲಿ ಅಂಥ ಅಂಚು ಇನ್ನೆಷ್ಟು ಉಳಿದಿದೆ?

ಯಜಮಾನರು ಕಾಫಿ ಕುಡಿಯುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಎರಡು ಇರಬಹುದು. ಒಂದು ನಮ್ಮದು,” ಎಂದರು. ಕಡಿಯುವುದು ನಿಂತಿತು.

ಆದರೆ ಮುಂದಿನ ಮಾತು ಸುಲಭವಾಗಲಿಲ್ಲ. ಅವರಿಗೆ ಆ ಬೋಳು ಗುಡ್ಡ ಕಂಡರೆ ಭಯ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದಾಗ ಆ ಭಯ ಇಮ್ಮಡಿಯಾಯಿತು. ಪರಿಸರ ದಿನಕ್ಕೆಂದು ಸಿಗುವ ಸಸಿಗಳನ್ನು ತಂದು ಬಾಣೆಯ ತುಂಬ ನೆಡುವುದು ಅವರ ಯೋಚನೆ. ಜೊತೆಗೆ ಸಿಲ್ವರ್ ಓಕ್. “ಮರ ನೆಟ್ಟರೆ ತಪ್ಪೇನು ಸಾರ್? ಬೇರು ಹಿಡಿದುಕೊಳ್ಳೋದಿಲ್ವ?”

ಜರಿದ ಬರೆಯನ್ನು (ಕಡಿದಾದ ಮಣ್ಣಿನ ದಂಡೆಯನ್ನು) ಕಣ್ಣಾರೆ ಕಂಡ ಮನುಷ್ಯನ ಮುಂದೆ ಹುಲ್ಲುಗಾವಲಿನ ಪಾಠ ಹೇಳುವುದು ಕಷ್ಟ. ಗುಂಡಿ ತೋಡಿದಲ್ಲೆಲ್ಲ ನೀರು ಇಳಿಯುತ್ತದೆ, ನೂರಾರು ವರ್ಷದ ಹುಲ್ಲಿನ ಬೇರಿನ ಹೆಣಿಗೆ ಹರಿಯುತ್ತದೆ, ಮರದ ನೆರಳು ಬಿದ್ದರೆ ಹುಲ್ಲೂ ಇಲ್ಲ, ಈ ಪೊದೆಯೂ ಇಲ್ಲ ಎಂದೆ. ಅವರು ಒಪ್ಪಲಿಲ್ಲ, ತಳ್ಳಿಯೂ ಹಾಕಲಿಲ್ಲ. ಕೊನೆಗೆ ಒಂದು ಗೆರೆ ಎಳೆದೆವು. ಜರಿದ ಬದಿಯಲ್ಲಿ ಲಾವಂಚ ಮತ್ತು ಊರಿನ ಮರಗಳ ಸಸಿ, ಮೇಲಿನ ಅಂಚಿನಿಂದ ಮೂವತ್ತು ಮಾರು ಒಳಗೆ ಒಂದೂ ಗುಂಡಿ ಇಲ್ಲ. ಈ ಒಪ್ಪಂದ ಕಾಗದದಲ್ಲಿಲ್ಲ. ಮೇಸ್ತ್ರಿ ಕಲ್ಲುಗಳಿಗೆ ಸುಣ್ಣ ಬಳಿದು ಗೆರೆ ಮಾಡಿದರು. ಇವತ್ತಿಗೂ ಇದೆ.

ಬೇಲಿ ಮತ್ತು ಬಿತ್ತನೆ

ಉಳಿಸಬೇಕು ಎಂದಾಗ ಎಲ್ಲರಿಗೂ ಮೊದಲು ಹೊಳೆಯುವುದು ಬೇಲಿ. 2020ರ ಬೇಸಿಗೆಯಲ್ಲಿ, ಲಾಕ್‌ಡೌನಿಗೆ ಸ್ವಲ್ಪ ಮೊದಲು, ಹೆಚ್ಚು ಪೊದೆ ಇದ್ದ ಅರ್ಧ ಎಕರೆಗೆ ತಂತಿ ಬೇಲಿ ಹಾಕಿಸಿದೆವು. ದನ ಹೊರಗೆ, ಕತ್ತಿ ಹೊರಗೆ. ತೃಪ್ತಿಯಿಂದ ಇಳಿದು ಬಂದೆವು.

ಅದೇ ಬೇಸಿಗೆ ಬೀಜ ಸಂಗ್ರಹಿಸಿದ್ದೂ ಆಯಿತು. ಫೆಬ್ರವರಿ ಹೊತ್ತಿಗೆ ಕಾಯಿಗಳು ಒಣಗಿ ಕಂದಾಗಿ, ತುದಿಯಲ್ಲಿ ಐದು ಸೀಳಾಗಿ ಬಾಯಿ ತೆರೆದಿದ್ದವು. ಅಂಗೈಗೆ ಬಡಿದರೆ ನಶ್ಯದ ಪುಡಿಯಂಥ ಬೀಜ. ಮೇಸ್ತ್ರಿ ಕಾಫಿ ನರ್ಸರಿ ಮಾಡುವ ಕ್ರಮದಲ್ಲೇ ತೊಟ್ಟೆಗಳಿಗೆ (ಪ್ಲಾಸ್ಟಿಕ್ ಚೀಲಗಳಿಗೆ) ಮಣ್ಣು, ಗೊಬ್ಬರ, ಮರಳು ತುಂಬಿ, ಅರ್ಧ ಅಂಗುಲ ಕೆಳಗೆ ಬೀಜ ಹಾಕಿ, ಮೇಲೆ ಚಪ್ಪರ ಕಟ್ಟಿದರು. ಇನ್ನೂರು ತೊಟ್ಟೆ. ಹುಟ್ಟಿದ್ದು ಸೊನ್ನೆ. ಬೀಜ ಪೊಳ್ಳು ಎಂದುಕೊಂಡೆವು.

ಮಳೆ ಬಿಟ್ಟ ಮೇಲೆ ಬೇಲಿಯೊಳಗೆ ಹೋದರೆ ಹೆಜ್ಜೆ ಇಡಲು ಜಾಗವಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಮೇಯುವ ಬಾಯಿ ಇಲ್ಲ. ಹುಲ್ಲು ಎದೆಯೆತ್ತರ, ನಡುವೆ ಜರೀಗಿಡ, ಮೂಲೆಯಿಂದ ಲಂಟಾನ. ಹಳೆಯ ಪೊದೆಗಳೇನೋ ಇದ್ದವು. ಒಂದಾದರೂ ಎಳೆಯ ಸಸಿ ಸಿಗುತ್ತದೆಯೇ ಎಂದು ಮಂಡಿಯೂರಿ ಹುಡುಕಿದೆವು. ಇಲ್ಲ. ಬೇಸರದಿಂದ ಹೊರಬಂದು, ದನ ಇಳಿಯುವ ಹಾದಿಯ ಬದಿಯ ಬರೆಯ ಮೇಲೆ ಕೂತಾಗ ಕೈಗೆಟಕುವಷ್ಟು ಹತ್ತಿರದಲ್ಲಿ ಕಂಡವು: ಎರಡಂಗುಲದ, ಎದುರುಬದುರು ಎಲೆಯ ಸಸಿಗಳು. ಹನ್ನೊಂದು. ಹುಲ್ಲಿಲ್ಲದ ಬರಿ ಮಣ್ಣಿನ ಮೇಲೆ, ಪೂರ್ತಿ ಬಿಸಿಲಿಗೆ, ದನದ ಗೊರಸು ಕಿತ್ತ ಜಾಗದಲ್ಲೇ.

ಬೇಲಿ ಯಾಕೆ ಸೋತಿತು, ತೊಟ್ಟೆ ಯಾಕೆ ಖಾಲಿ ಉಳಿಯಿತು, ಎರಡಕ್ಕೂ ಅಲ್ಲೇ ಉತ್ತರ ಇತ್ತು. ಹೈಪರಿಕಮ್ ಕುಲದ ಎಷ್ಟೋ ಗಿಡಗಳ ಬೀಜಕ್ಕೆ ಮೊಳೆಯಲು ಬೆಳಕು ಬೇಕು. ಅಷ್ಟು ಸಣ್ಣ ಬೀಜ ಮಣ್ಣಿನ ಅಡಿಯಿಂದ ಎದ್ದು ಬರುವಷ್ಟು ಬುತ್ತಿ ಕಟ್ಟಿಕೊಂಡಿರುವುದಿಲ್ಲ. ಇದು ನನಗೆ ಗೊತ್ತಿದ್ದ ಸಂಗತಿಯೇ. ಪರೀಕ್ಷೆಯಲ್ಲಿ ಕೇಳಿದ್ದರೆ ಬರೆಯುತ್ತಿದ್ದೆ. ಕಾಫಿ ನರ್ಸರಿಯ ಚಪ್ಪರದ ಕೆಳಗೆ ನಿಂತಾಗ ಮಾತ್ರ ನೆನಪಾಗಲಿಲ್ಲ.

ಮುಂದಿನ ವರ್ಷ ಬೀಜವನ್ನು ಒದ್ದೆ ಮರಳಿನ ಮೇಲೆ ಉದುರಿಸಿ, ಮುಚ್ಚದೆ, ಹೂಜಿಯಲ್ಲಿ ಸುರಿಯದೆ ಕೆಳಗಿನಿಂದ ನೀರು ಹೀರುವಂತೆ ತಟ್ಟೆಯಲ್ಲಿಟ್ಟೆವು. ಇಪ್ಪತ್ತು ದಿನ ದಾಟಿದ ಮೇಲೆ ಹಸಿರು ಧೂಳು ಬಿದ್ದ ಹಾಗೆ ಮೊಳೆತವು. ಬೇಲಿಯ ಒಂದು ಬದಿ ಬಿಚ್ಚಿಸಿ, ಮಳೆ ಮುಗಿದ ಮೇಲೆ ಡಿಸೆಂಬರ್‌ವರೆಗೆ ದನ ಬಿಟ್ಟೆವು. ಕಾಯಿ ಒಡೆದು ಬೀಜ ಉದುರಿದ ನಂತರ ಹುಲ್ಲನ್ನು ಪಟ್ಟಿ ಪಟ್ಟಿಯಾಗಿ ಸವರುವುದು, ವರ್ಷಕ್ಕೆ ಒಂದು ಪಟ್ಟಿ ಮಾತ್ರ. ಜನವರಿಯಲ್ಲಿ ಸುತ್ತ ಬೆಂಕಿರೇಖೆ, ಎಂದರೆ ಬೆಂಕಿ ದಾಟದಂತೆ ಹುಲ್ಲು ತೆಗೆದ ಪಟ್ಟಿ. ಹೀಗೆ ಕಡಿಯುವ ಕೆಲಸ ಮತ್ತೆ ಅದೇ ಕೆಲಸದವರ ಕೈಗೆ ಹೋಯಿತು. ಬಿಡಬೇಕಾದ ಗಿಡಕ್ಕೆ ಕೆಂಪು ಬಟ್ಟೆಯ ಚೂರು ಕಟ್ಟುವುದು ಗೆಲ್ಲು ತಂದುಕೊಟ್ಟ ಆ ಅಕ್ಕನ ಜವಾಬ್ದಾರಿ.

ನಡುವೆ ಒಂದು ಸಣ್ಣ ಭೇಟಿ. ಊರಿನ ಜೇನು ಸಾಕುವ ಅಜ್ಜ ಒಂದು ಬೆಳಿಗ್ಗೆ ನಮ್ಮೊಡನೆ ಹತ್ತಿದರು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗಕ್ಕೆ ಪೆಟ್ಟಿಗೆಗಳೆಲ್ಲ ಖಾಲಿಯಾದದ್ದನ್ನು ಕಂಡ ಪೀಳಿಗೆಯವರು. ಹೂವಿನ ಮೇಲೆ ಉರುಳಾಡುತ್ತಿದ್ದ ತುಡುವೆ ಜೇನುಹುಳದ ಕಾಲಿನ ಹಳದಿ ಉಂಡೆ ತೋರಿಸಿ, “ಇದರಲ್ಲಿ ತುಪ್ಪ ಇಲ್ಲ ಮಾರಾಯ್ರೆ. ಇದು ಮರಿಗಳಿಗೆ ಒಯ್ಯೋ ಊಟ,” ಎಂದರು. ಹೈಪರಿಕಮ್ ಹೂಗಳಲ್ಲಿ ಮಕರಂದ ಇಲ್ಲವೆನ್ನುವಷ್ಟು ಕಡಿಮೆ, ಹುಳ ಬರುವುದು ಪರಾಗಕ್ಕೆ. ಯಜಮಾನರಿಗೆ ನನ್ನ ಎಲ್ಲ ಪಾಠಕ್ಕಿಂತ ಈ ಒಂದು ಮಾತು ನಾಟಿತು. ಕಾಫಿ ಹೂವಿಗೆ ಜೇನುಹುಳದಿಂದಾಗುವ ಲಾಭ ಬೆಳೆಗಾರನಿಗೆ ಬಿಡಿಸಿ ಹೇಳಬೇಕಿಲ್ಲ.

ಅದೇ ಗಿಡ, ಆದರೆ ಅದಲ್ಲ

2021ರಲ್ಲಿ ಮಗನಿಗೆ ಉತ್ಸಾಹ ಬಂತು. ಹೋಂಸ್ಟೇಯಿಂದ ಬಾಣೆಗೆ ಹೋಗುವ ಹಾದಿಯ ಎರಡೂ ಬದಿಗೆ ಹೊರಗಿನ ನರ್ಸರಿಯಿಂದ 40 ಗಿಡ ತರಿಸಿ ನೆಡಿಸಿದ. “ನಿಮಗೆ ಸರ್ಪ್ರೈಸ್ ಸಾರ್, ಅದೇ ಗಿಡ!” ಹೂ ದೊಡ್ಡದು, ಹೊಳಪು ಹೆಚ್ಚು. ಹಿಂದಿನ ಹೂಗಳ ಕಾಯಿ ಒಡೆದು ನೋಡಿದರೆ ಒಳಗೆ ಬೀಜವಿಲ್ಲ. ತೋಟಗಾರಿಕೆಯ ಮಿಶ್ರತಳಿ. ನಾನು ಎರಡು ವರ್ಷ ಹಿಂದೆ ಫೋಟೋ ನೋಡಿ ಊಹಿಸಿದ್ದ ‘ಅಲಂಕಾರದ ಗಿಡ’ ಈಗ ನಿಜವಾಗಿಯೂ ಬಂದು ನಿಂತಿತ್ತು.

ಹಾಗೇ ಇರಲಿ ಎನ್ನಬಹುದಿತ್ತೇ? ನಾನು ಒಂದು ವಾರ ಹಾಗೇ ಅಂದುಕೊಂಡಿದ್ದೆ. ಹುಡುಗ ಕೈಯಿಂದ ದುಡ್ಡು ಹಾಕಿದ್ದ. ತೀರ್ಮಾನ ಮಾಡಿದ್ದು ಮೇಸ್ತ್ರಿ. ಒಂದು ಎಲೆ ಮಗುಚಿ ತೋರಿಸಿದರು. ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ. “ತುಕ್ಕು ಸಾರ್.” ಕಾಫಿ ಎಲೆಯ ತುಕ್ಕು ನೋಡಿ ನೋಡಿ ಪಳಗಿದ ಕಣ್ಣು. ಕಾಫಿಯ ತುಕ್ಕು ಇದಕ್ಕೆ ಬರುವುದಿಲ್ಲ, ಹೈಪರಿಕಮ್‌ಗೆ ಅದರದ್ದೇ ತುಕ್ಕಿನ ಶಿಲೀಂಧ್ರ ಬೇರೆ. ಆದರೆ ಮೇಲಿನ ಪೊದೆಗಳೂ ಹೈಪರಿಕಮ್ಮೇ. ಅಂದೇ ನಲವತ್ತೂ ಗಿಡ ಕಿತ್ತು ಸುಟ್ಟೆವು. ಮಗ ನನ್ನ ಜೊತೆ ಎರಡು ತಿಂಗಳು ಮಾತಾಡಲಿಲ್ಲ.

ಗಿಡವನ್ನು ಗುರುತಿಸಿದ್ದೇನೆ ಎಂದು ನಾನು ಬೀಗಿದ್ದು 2019ರಲ್ಲಿ. ಗುರುತು ನನ್ನ ಮತ್ತು ಆ ಅಕ್ಕನ ಕಣ್ಣಲ್ಲಿ ಮಾತ್ರ ಇತ್ತು, ಹುಡುಗನ ಕಣ್ಣಿಗೆ ಅದು ಇನ್ನೂ ‘ಹಳದಿ ಹೂ’. ಅವರಪ್ಪನ ಮೊದಲ ಆದೇಶಕ್ಕೂ ಮಗನ ಖರೀದಿಗೂ ಬೇರು ಒಂದೇ. ಆ ಮೇಲೆ ತೋಟದವರೆಲ್ಲರನ್ನೂ, ಅಡುಗೆಯವರನ್ನೂ ಸೇರಿಸಿ, ಒಂದು ಮಧ್ಯಾಹ್ನ ಬಂಡೆಯ ಬಳಿ ಕೂರಿಸಿ ಎಲೆಯನ್ನು ಆಕಾಶಕ್ಕೆ ಹಿಡಿಸಿದೆ. ಮೊದಲ ದಿನವೇ ಮಾಡಬೇಕಾಗಿದ್ದ ಕೆಲಸ.

ಹೆಸರು ಮುಚ್ಚಿಡಲು ಇನ್ನೊಂದು ಕಾರಣ ಎಂದೆನಲ್ಲ. 2021ರ ಆಗಸ್ಟ್‌ನಲ್ಲಿ ಮಾಂದಲಪಟ್ಟಿ, ಕೋಟೆಬೆಟ್ಟಗಳಲ್ಲಿ ಕುರಿಂಜಿ ಅರಳಿ ಜನ ಹರಿದು ಬಂದದ್ದು ಎಲ್ಲರಿಗೂ ನೆನಪಿದೆ. ಅದೇ ಗಾಳಿಯಲ್ಲಿ ನಮ್ಮ ಬಾಣೆಯ ಹೂವಿನದ್ದೂ ಒಂದು ರೀಲ್ ಹೊರಬಿತ್ತು, ಜಾಗದ ಗುರುತಿನ ಸಮೇತ. ಎರಡು ವಾರಾಂತ್ಯದಲ್ಲಿ ಏಳು ಪೊದೆಗಳ ಗೆಲ್ಲು ಮುರಿದವು. ರೀಲ್ ಅಳಿಸಿದರು. ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಗಿಡವನ್ನು ಬರೆಸಿದೆವು, ಜಾಗವನ್ನು ಊರಿನ ಮಟ್ಟಕ್ಕೆ ಮಾತ್ರ ಹೇಳಿದೆವು. ‘ಸ್ಥಳೀಯ ಹೆಸರು’ ಎಂಬ ಕಾಲಮಿಗೆ ಯಾರೋ ‘ಕೊಡಗಿನ ಚಿನ್ನ’ ಎಂದು ಸೂಚಿಸಿದರು. ಊರಿನವರ ಬಾಯಲ್ಲಿ ಇಲ್ಲದ ಹೆಸರನ್ನು ದಾಖಲೆಯಲ್ಲಿ ಹುಟ್ಟಿಸುವುದು ಬೇಡ ಎಂದೆ. ಕಕ್ಕಡ ಎಂಬ ಮಳೆಗಾಲದ ಕೊಡವ ತಿಂಗಳ ಹದಿನೆಂಟನೆಯ ದಿನಕ್ಕೆ ಮದ್ದುಸೊಪ್ಪು ತರುವಾಗ ಕತ್ತಲಲ್ಲೂ ಗುರುತು ಹಿಡಿಯುವ ಜನ ಇವರು. ತಿನ್ನದ, ಮಾರದ ಗಿಡಕ್ಕೆ ಹೆಸರಿಡುವ ಗೊಡವೆಗೆ ಹೋಗಿರಲಿಲ್ಲ, ಅಷ್ಟೇ. ಕಾಲಂ ಖಾಲಿ ಇದೆ.

ಈಗಿನ ಲೆಕ್ಕ

ಕಳೆದ ಎಣಿಕೆಯಲ್ಲಿ ದೊಡ್ಡ ಪೊದೆ 88, ಮೊಣಕಾಲೆತ್ತರದ್ದು 30ರ ಮೇಲೆ. ತಟ್ಟೆಯಲ್ಲಿ ಮೊಳೆತ ಸಸಿಗಳಲ್ಲಿ ನೆಟ್ಟು ಉಳಿದದ್ದು ಒಂಬತ್ತು. ಸವರಿದ ಪಟ್ಟಿಗಳಲ್ಲಿ ತಾವಾಗಿ ಹುಟ್ಟಿದವು ಅದಕ್ಕಿಂತ ಹೆಚ್ಚು. ಹಾಗಾಗಿ ನರ್ಸರಿ ನಿಲ್ಲಿಸಿದ್ದೇವೆ.

ಬಾಕಿ ಇರುವುದು ಜೀಪು ಹಾದಿಯ ವಿಚಾರ. ಮಗನಿಗೆ ಅದನ್ನು ಅಗಲ ಮಾಡಬೇಕಾಗಿದೆ. ಅಗಲ ಮಾಡಿದರೆ ಮೊದಲ ಹನ್ನೊಂದು ಸಸಿ ಹುಟ್ಟಿದ ಬರೆಯೇ ಹೋಗುತ್ತದೆ. ಹೊಸದಾಗಿ ಕಡಿದ ಬರೆಯ ಮಣ್ಣಿನಲ್ಲೂ ಬೀಜ ಹುಟ್ಟುತ್ತದಲ್ಲ ಎಂಬುದು ಅವನ ವಾದ, ಅದರಲ್ಲಿ ಹುರುಳಿಲ್ಲದೆ ಇಲ್ಲ. ಬರೆ ಕಡಿದರೆ ಮತ್ತೆ ಜರಿದೀತು ಎಂಬುದು ಅವರಪ್ಪನ ಭಯ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಕಳೆದ ಮೇಲೆ ಮೂವರೂ ಹಾದಿಯಲ್ಲಿ ನಡೆದು ನೋಡುವುದು ಎಂದಾಗಿದೆ. ಅಕ್ಕ ಆ ಬರೆಯ ಗಿಡಗಳಿಗೆ ಆಗಲೇ ಕೆಂಪು ಬಟ್ಟೆ ಕಟ್ಟಿ ಬಂದಿದ್ದಾರೆ.